ಅಮ್ಮನ ಎಪ್ಪತ್ತರ ಊಟ

ಅಪ್ಪಾ,

ನೀವು ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನನ್ನ ಕಾಗದವನ್ನು ಅರ್ಧ ಓದಿ ಮಡಚಿಡುತ್ತಿದ್ದಿರಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಯಾರ ಮೇಲೆ ಅಂತ ತಿಳಿದಿಲ್ಲ.

ಇವತ್ತು ಅಮ್ಮನಿಗೆ ಎಪ್ಪತ್ತು ತುಂಬಿತು. ಅಣ್ಣ, ಅಕ್ಕ, ನಾನು ಸೇರಿ ಅವಳನ್ನು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋದೆವು. ನೀವಿದ್ದಷ್ಟು ಕಾಲ ಅವಳ ಊಟವನ್ನೂ ನೀವೇ ಹೇಳುತ್ತಿದ್ದಿರಿ. ಇವತ್ತಾದರೂ ಅವಳೇ ಹೇಳಲಿ ಅಂತ ಮೆನು ಕಾರ್ಡನ್ನು ಅವಳ ಕೈಗೇ ಕೊಟ್ಟೆ. ಕನ್ನಡಕ ಒರೆಸಿಕೊಂಡು, ಬೆರಳಿಟ್ಟು ಓದತೊಡಗಿದಳು. ಅಷ್ಟರಲ್ಲಿ ಸಪ್ಲೈಯರ್ ಬಂದು, "ನಿಮಗೇನಮ್ಮಾ?" ಅಂದ.

"ಸೂಪ್ ಸಾಕು, ಅವಳಿಗೆ ಹಲ್ಲಿಲ್ಲ," ಅಂದ ಅಣ್ಣ.

"ಖಾರ ಹಾಕದೆ ಅನ್ನ ಕೊಡಿ," ಅಂದಳು ಅಕ್ಕ.

"ಸುಮ್ನಿರ್ರಿ, ಅಮ್ಮನಿಗೆ ನೂಡಲ್ಸ್ ಇಷ್ಟ!" ಎಂದು ಕೂಗಿ ನಾನು ಕಾರ್ಡ್ ತೆಗೆದುಕೊಂಡು ಸಪ್ಲೈಯರ್‌ಗೆ ತೋರಿಸಿದೆ.

ಊಟ ಒಬ್ಬಳದು, ಕಾಟ ಮೂವರದು. ಮೂರೂ ಬಂದವು. ಅಮ್ಮ ಮೂರನ್ನೂ ಚೂರುಚೂರು ತಿಂದು, "ಚೆನ್ನಾಗಿದೆ," ಅಂದಳು. ನಿಮ್ಮ ಕಾಲದಲ್ಲೂ ಹೀಗೇ ಅನ್ನುತ್ತಿದ್ದಳಲ್ಲ.

ವಾಪಸ್ ಬರುವಾಗ ತಡೆಯಲಾರದೆ ಕೇಳಿದೆ: "ನಿಜವಾಗ್ಲೂ ನಿಂಗೇನು ಬೇಕಿತ್ತಮ್ಮಾ?"

"ಯಾರಿಗ್ಗೊತ್ತು? ಇನ್ನೂ ಎರಡನೇ ಪುಟ ಓದ್ತಿದ್ದೆ, ಕಾರ್ಡ್ ಕಿತ್ಕೊಂಡ್ಯಲ್ಲೋ," ಅಂದಳು. "ಥೇಟ್ ನಿಮ್ಮಪ್ಪ."