ನೀನು ಕೇಳಿದ ರುಚಿಯ ವರದಿ

ತುಮಕೂರು
೯ ನವೆಂಬರ್ ೨೦೦೮, ಭಾನುವಾರ

ಪ್ರೀತಿಯ ಸೋಮಣ್ಣ,

ನೀನು ಕಳಿಸಿದ ಬಿಯರ್ ಬಾಟಲಿಯನ್ನು ಇವತ್ತು ಮಧ್ಯಾಹ್ನ ತೆಗೆದೆ. ಶಶಿರೇಖಾ ಮಗಳನ್ನು ಕರೆದುಕೊಂಡು ಹೆಬ್ಬೂರಿನ ತವರಿಗೆ ಹೋಗಿದ್ದಾಳೆ. ಅಡುಗೆಮನೆಯ ಲೋಟ ಮುಟ್ಟಕೂಡದು ಎಂದು ಹೇಳಿಯೇ ಹೋದಳು. ಹಾಗಾಗಿ ಮೇಜಿನ ಮೇಲೆ ಪೆನ್ನು ಇಡುವ ಗಾಜಿನ ಲೋಟವನ್ನೇ ತೊಳೆದುಕೊಂಡೆ.

ಬಣ್ಣ ಜೋನಿ ಬೆಲ್ಲದ್ದು. ನೊರೆ ಬೇಗ ಇಳಿಯಲಿಲ್ಲ. ಮೂಗಿಗೆ ಮೊದಲು ಬಂದದ್ದು ಹೆರಳೆಕಾಯಿ ಸಿಪ್ಪೆ, ಅದರ ಹಿಂದೆ ಮರದ ಅಂಟಿನಂಥ ಒಂದು ವಾಸನೆ. ನೀನು ಬರೆದ ಹಾಪ್ಸ್ ಹೂವಿನದು ಅದೇ ಇರಬೇಕು. ಮಾಲ್ಟ್ ಅಂದರೆ ಮೊಳಕೆ ಬರಿಸಿ ಹುರಿದ ಬಾರ್ಲಿ ಎಂದಿದ್ದೆಯಲ್ಲ, ನನಗೆ ಸಿಕ್ಕಿದ್ದು ಮೊಳಕೆ ರಾಗಿ ಹುರಿಯುವಾಗ ಬಾಣಲೆಯ ತಳದಿಂದ ಏಳುವ ಘಮ, ಮೇಲೆ ಪಾಕ ಏರಿದ ಬೆಲ್ಲದ ಸಿಹಿ. ಸಿಹಿ ಹೆಚ್ಚಾಯಿತು ಅನ್ನುವಷ್ಟರಲ್ಲಿ ನುಂಗಿದ್ದೆ. ಕಹಿ ಆಮೇಲೆ ಬಂತು. ಹಾಗಲಕಾಯಿಯಂತೆ ಮುಖ ಕಿವಿಚಿಸುವ ಕಹಿಯಲ್ಲ, ನಿಧಾನವಾಗಿ ಬಂದು ಕೂರುವ ಕಹಿ. ಹತ್ತು ನಿಮಿಷದ ಮೇಲೂ ಹೋಗಲಿಲ್ಲ. ಅರ್ಧ ಲೋಟಕ್ಕೇ ಕಿವಿ ಬಿಸಿಯಾಯಿತು, ಆದ್ದರಿಂದ ಖಡಕ್ ಆಗಿದೆ ಎನ್ನುವುದರಲ್ಲಿ ಸಂಶಯವಿಲ್ಲ. ತಪ್ಪು ಹುಡುಕಲೇಬೇಕೆಂದರೆ, ಸೀದ ವಾಸನೆ ಒಂದು ಕೂದಲೆಳೆ ಜಾಸ್ತಿ.

ಚೀಟಿಯಲ್ಲಿ ನೀನು, “ಅಪ್ಪನ ನಾಲಿಗೆ ಬಂದಿರೋದು ನಿಂಗೆ ಕಣೋ ನಾಗ, ನೀನೇ ಹೇಳ್ಬೇಕು” ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ವರದಿಯನ್ನು ಇಲ್ಲಿಗೇ ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ.

ಗುಬ್ಬಿಯ ನಮ್ಮ ಬೆಲ್ಲದ ಮಂಡಿಗೆ ಕುಣಿಗಲ್ ಕಡೆಯ ಆಲೆಮನೆಗಳಿಂದ ಗಾಡಿ ಬರುತ್ತಿದ್ದುದು ಬೆಳಗಾಗುವ ಹೊತ್ತಿಗೆ. ಅಪ್ಪನ ಲಿಂಗಪೂಜೆ ಆಗಿರುತ್ತಿರಲಿಲ್ಲ. ಪೂಜೆಗೆ ಮೊದಲು ಏನೂ ಹೊಟ್ಟೆಗೆ ಹೋಗಬಾರದು. ಅದಕ್ಕೇ ಅವರು ಚೂರು ಬೆಲ್ಲ ಬಾಯಿಗಿಟ್ಟು, ಯಾರ ಗದ್ದೆಯ ಕಬ್ಬು ಎಂದು ಹೇಳಿ, ಉಗಿದು ಬಾಯಿ ತೊಳೆಯುತ್ತಿದ್ದರು. ತೊಂಬತ್ತೇಳರಲ್ಲಿ ನೀನು ಬಿಯರ್ ಕಾರ್ಖಾನೆಯ ಲ್ಯಾಬಿಗೆ ಸೇರಿದೆ, ರುಚಿ ನೋಡುವುದೂ ಕೆಲಸದಲ್ಲಿ ಒಂದು ಎಂದು ತಿಳಿದಾಗ ಅಪ್ಪ ಒಂದು ವಾರ ನಿನ್ನೊಡನೆ ಮಾತಾಡಲಿಲ್ಲ. ಆಮೇಲೆ ತಾವೇ ಒಂದು ದಾರಿ ಕಂಡುಕೊಂಡರು. “ಬಾಯಿಗಿಟ್ಟು ಉಗಿಯೋದು ತಾನೇ? ನಾನೂ ಅದೇ ಮಾಡೋದು, ಬುಡು” ಅಂದರು. ನೀನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಆರು ವರ್ಷ ಹಬ್ಬಕ್ಕೆ ಬಂದು ಅವರ ಪಕ್ಕದಲ್ಲೇ ಪೂಜೆಗೆ ಕುಳಿತೆ.

ಬಿಯರನ್ನು ಉಗಿದರೆ ಕೆಲಸ ಪೂರ್ತಿಯಾಗುವುದಿಲ್ಲ, ಕಹಿ ಗಂಟಲಿಗೆ ಇಳಿದ ಮೇಲೆಯೇ ಪೂರ್ತಿ ತಿಳಿಯುವುದು ಎಂದು ನೀನು ಹೇಳಿದ್ದು ನನ್ನೊಬ್ಬನಿಗೆ.

ಎರಡು ಸಾವಿರದ ಮೂರರ ದೀಪಾವಳಿ ಕಳೆದು ನಿಟ್ಟೂರಿನ ಮಾವ ಮಂಡಿಗೆ ಬಂದಿದ್ದರು. “ಏನ್ ಭಾವ, ಕುಡಿಯೋಕೇ ಸಂಬಳ ಕೊಡೋ ಕೆಲ್ಸ ನಮಗೂ ಒಂದು ಕೊಡ್ಸೋಕೇಳಿ ದೊಡ್ಡೋನಿಗೆ” ಎಂದು ಚುಚ್ಚಿದರು. ಅಪ್ಪ ನಕ್ಕರು. “ಕುಡಿಯಲ್ಲ ಕಣಯ್ಯ, ಉಗೀತಾನೆ. ನನ್ ಥರಾನೇ.” ಆ ಮಾತಿನಲ್ಲಿ ಹೆಮ್ಮೆಯೇ ಇತ್ತು. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. ದಿನವಿಡೀ ಬೇರೆಯವರ ಸುದ್ದಿಯಲ್ಲಿ ತಪ್ಪು ತಿದ್ದುವವನು ನಾನು. ತಲೆ ಎತ್ತದೆಯೇ, “ಇಲ್ಲ ಅಪ್ಪ, ಬಿಯರ್ ಉಗಿಯೋಕಾಗಲ್ಲ, ನುಂಗ್ಲೇಬೇಕು” ಅಂದುಬಿಟ್ಟೆ. ನಿನ್ನ ಮೇಲೆ ಕೋಪವಿರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ. ಒಂದು ತಪ್ಪು ಕಣ್ಣಿಗೆ ಬಿತ್ತು, ತಿದ್ದಿದೆ, ಅಷ್ಟೇ.

ಮುಂದಿನ ಶಿವರಾತ್ರಿಗೆ ನೀನು ಪೂಜೆಗೆ ಕುಳಿತಾಗ ಅಪ್ಪ ತಮ್ಮ ಮಣೆ ಎತ್ತಿಕೊಂಡು ಹಿತ್ತಿಲ ಜಗಲಿಗೆ ಹೋಗಿ ಒಬ್ಬರೇ ಕುಳಿತರು. ನೀನೂ ಪಲ್ಲವಿ ಅತ್ತಿಗೆಯೂ ಊಟ ಮಾಡದೆ ಹೊರಟಿರಿ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕೇಳಿದೆ, “ನಾನು ಕುಡೀತೀನಿ ಅಂತ ನಿಟ್ಟೂರ್ ಮಾವನೇ ಹೇಳಿರ್ಬೇಕು ಅಲ್ವೇನೋ?” ಇರಬಹುದು ಅಂದೆ. ತಪ್ಪು ಎಂದು ಗೊತ್ತಿದ್ದೂ ತಿದ್ದದೆ ಬಿಟ್ಟದ್ದು ಅದೊಂದೇ. ಪಾಪ, ಮಾವನ ಮಗಳ ಮದುವೆಗೂ ನೀನು ಬರಲಿಲ್ಲ.

ಇಷ್ಟೇ ಆಗಿದ್ದರೆ ಎಂದೋ ಹೇಳಿಬಿಡುತ್ತಿದ್ದೆ.

ಎರಡು ವರ್ಷದ ಹಿಂದೆ ಅಪ್ಪ ತುಮಕೂರಿನ ಆಸ್ಪತ್ರೆಯಲ್ಲಿದ್ದಾಗ ಒಂದು ಗುರುವಾರ ಬೆಳಿಗ್ಗೆ ನಾನೇ ಅವರಿಗೆ ಔಷಧಿ ಕುಡಿಸಿದೆ. ನುಂಗಿ ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ ಮಾತಾಡಿದರು. “ಇಳಿದ್ಮೇಲೇ ಕಣೋ ಕಹಿ ಗೊತ್ತಾಗೋದು. ಕೆಲ್ಸ ಅಂದ್ಮೇಲೆ ಅವ್ನು ಸರಿಯಾಗೇ ಮಾಡವ್ನೆ. ಸೋಮನ್ನ ಬರೋಕೇಳು.”

ನಾನು ಹೇಳಲಿಲ್ಲ. ನೀನು ಬಂದರೆ ಮಾತಿಗೆ ಮಾತು ಬಂದು, ತಮಗೆ ಹೇಳಿದವನು ನಾಗ ಎಂದು ಅಪ್ಪ ಅಂದುಬಿಟ್ಟರೆ? ನಾಳೆ ಫೋನ್ ಮಾಡೋಣ, ಮೊದಲು ನಾನೇ ನಿನ್ನ ಮುಂದೆ ಒಪ್ಪಿಕೊಳ್ಳೋಣ ಅಂದುಕೊಂಡೆ. ಶುಕ್ರವಾರ ಸಂಜೆ ನೀನೇ ಆಫೀಸಿಗೆ ಫೋನ್ ಮಾಡಿದೆ. “ನನ್ನ ಏನಾದ್ರೂ ಕೇಳಿದ್ರಾ?” ಅಂದೆ. ನಿದ್ದೆ ಮಾಡುತ್ತಿದ್ದಾರೆ, ಜಾಸ್ತಿ ಮಾತಾಡಿಸಬೇಡಿ ಎಂದಿದ್ದಾರೆ ಡಾಕ್ಟರು, ಭಾನುವಾರ ಬಾ ಎಂದು ಹೇಳಿ ಫೋನ್ ಇಟ್ಟೆ. ಶನಿವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅಪ್ಪ ಹೋದರು. ಮಣ್ಣು ಮಾಡಿ ಬರುವಾಗ ನೀನು ಮತ್ತೆ ಕೇಳಿದೆ, ಕೊನೆಗೆ ಏನಾದರೂ ಅಂದರಾ ಎಂದು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅಂದಿದ್ದರು, ಸೋಮಣ್ಣ. ನಿನ್ನನ್ನು ಕರೆದಿದ್ದರು. ಗುರುವಾರ ಬೆಳಿಗ್ಗೆ ಕರೆದವರು ಎರಡು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದರು. ಎಲ್ಲಿಯವರೆಗೆ ಬಂದನಂತೆ ಎಂದು ಶುಕ್ರವಾರ ಎರಡು ಸಲ ಕೇಳಿದರು. ಹೊರಟಿದ್ದಾನೆ ಅಂದೆ.

ಉತ್ತರ ಬರೆಯಲೇಬೇಕು ಎಂದೇನಿಲ್ಲ. ನಿಟ್ಟೂರಿಗೆ ನಾನೇ ಹೋಗಿ ಮಾವನ ಮುಂದೆ ಎಲ್ಲವನ್ನೂ ಹೇಳುತ್ತೇನೆ. ನೀನೂ ಅತ್ತಿಗೆಯೂ ಚೆನ್ನಾಗಿರಿ, ಮಾಡುವ ಕೆಲಸ ನಿನ್ನ ಕೈ ಹಿಡಿಯಲಿ.

ಇನ್ನೂ ನಿನ್ನ ತಮ್ಮನೇ ಎಂದುಕೊಂಡಿರುವ
ನಾಗಭೂಷಣ್