ಸಮುದ್ರದಾಚೆ ಹೋದ ಓಬಕ್ಕನ ದನಿ

೮-೧-೨೦೦೭, ಸಂಜೆ

ಟೈಪಿಂಗ್ ಕ್ಲಾಸ್ ಮುಗಿಸಿ, ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿದೆ. ಇವತ್ತೂ ರೆಕಾರ್ಡಿಂಗ್. ಕಂಪ್ಯೂಟರ್‌ಗೆ ಕನ್ನಡ ಕಲಿಸಲು ಹೊರದೇಶದ ಕಂಪನಿಗೆ ಜನರ ದನಿ ಬೇಕಂತೆ. ಹೊಸದುರ್ಗದಲ್ಲಿ ಆ ಕೆಲಸ ನನ್ನದು.

ಶ್ರೀರಾಂಪುರದ ಕಡೆಯ ಕುರಿಗಾಹಿ ಓಬಕ್ಕ ಬಂದಿದ್ದಳು. ಮಗ ಪರಮೇಶ್ ಜೊತೆಗಿದ್ದ. ಓಬಕ್ಕನಿಗೆ ಓದು ಬಾರದು. ಕಂಪನಿ ಕೊಟ್ಟ ಸಾಲುಗಳನ್ನು ನಾನು ಹೇಳಿಕೊಟ್ಟೆ, ಅವಳು ಹೇಳಿದಳು. ಕೊನೆಗೆ, "ನಿನ್ನಿಷ್ಟದ್ದು ಏನಾದ್ರೂ ಹೇಳಕ್ಕ" ಎಂದೆ. ಕಣ್ಣು ಮುಚ್ಚಿ, ಮೈಕಿನ ಮುಂದೆಯೇ ಕುರಿ ಕರೆದಳು. ಉದ್ದಕ್ಕೆ, ಅಲೆ ಅಲೆಯಾಗಿ... ಗೋಡೆಗಳೇ ಇಲ್ಲ ಅನ್ನಿಸಿತು.

"ಇದು ಎಲ್ಲಿಗೆ ಹೋಗ್ತೈತೆ ಹೇಮವ್ವ?"

"ಸಮುದ್ರದಾಚೆ."

"ಅಲ್ಲಿ ಕುರಿ ಅವೇನು?"

ಇಬ್ಬರೂ ನಕ್ಕೆವು.

೧೩-೧-೨೦೦೭

ಸಿ.ಡಿ. ಕೊರಿಯರ್‌ಗೆ ಹಾಕಿದೆ. ಕರಾರಿನಂತೆ ಇಲ್ಲಿನ ಕಾಪಿ ಅಳಿಸಿದೆ. ಮಧ್ಯಾಹ್ನ ಜೋಂಪು. ಕನಸಿನಲ್ಲಿ ಹಿಮ ಬೀಳುವ ಊರು, ಗಾಜಿನ ಕಟ್ಟಡ. ಒಳಗೆಲ್ಲ ನಮ್ಮವರ ಮಾತು. ಮನುಷ್ಯರು ಮಾತ್ರ ಇಲ್ಲ.

೨-೪-೨೦೦೭

ಪರಮೇಶ್ ಬಂದಿದ್ದ. ಯುಗಾದಿಗೆ ಮುಂಚೆ ಓಬಕ್ಕನಿಗೆ ಲಕ್ವ ಹೊಡೆದಿದೆ. ಜೀವ ಉಳಿಯಿತು. ಮಾತು ಹೋಯಿತು.

"ಅವ್ವನ ದನಿ ನಿಮ್ಮತ್ರ ಐತಲ್ಲ, ಒಂದ್ ಕಾಪಿ ಕೊಡ್ರಿ. ಕುರಿ ನನ್ ಮಾತು ಕೇಳವಲ್ಲವು. ಅವ್ವ ಕುರಿ ನೋಡಿ ಬಾಯಿ ತೆರೀತಾಳೆ, ಏನೂ ಬರಲ್ಲ... ಅಳ್ತಾಳೆ."

ಅಳಿಸಿಬಿಟ್ಟೆ ಅನ್ನಲು ಆಗಲಿಲ್ಲ. ತರಿಸ್ತೀನಿ ಎಂದೆ.

೫-೪-೨೦೦೭

ಕಂಪನಿಯ ಬೆಂಗಳೂರಿನ ಏಜೆಂಟ್‌ಗೆ ಫೋನ್.

"ಮೇಡಂ, ಡೇಟಾ ಈಗ ಕಂಪನೀದು. ಸರ್ವರ್ ಇಂಡಿಯಾದಲ್ಲೇ ಇಲ್ಲ. ನಮಗೇ ಓಪನ್ ಆಗಲ್ಲ."

"ದನಿ ಓಬಕ್ಕಂದು ಅಲ್ವಾ?"

"ಸೈನ್ ಮಾಡಿದಾರಲ್ಲ."

ಸೈನ್ ಅಲ್ಲ, ಹೆಬ್ಬೆಟ್ಟು. ಕೈ ಹಿಡಿದು ಒತ್ತಿಸಿದವಳು ನಾನು.

೧೬-೪-೨೦೦೭

ಚಿತ್ರದುರ್ಗ. ಡಿ.ಸಿ. ಆಫೀಸು. ಓಬಕ್ಕನ ದನಿ ವಾಪಸ್ ಕೊಡಿಸಿ ಎಂಬ ನನ್ನ ಅರ್ಜಿಯನ್ನು ಗುಮಾಸ್ತ ಮುರುಗೇಶಪ್ಪನವರು ಮತ್ತೆ ಮತ್ತೆ ಓದಿದರು.

"ಜಮೀನು ಹೋದ್ರೆ ಕಾನೂನು ಐತೆ. ಮರಳು ಸಾಗ್ಸಿದ್ರೂ ಐತೆ. ದನಿ ದೇಶ ದಾಟಿದ್ರೆ ಯಾವ ಸೆಕ್ಷನ್ ಹಾಕ್ಲಿ? ನೀವೇ ಹೇಳ್ರಿ ತಾಯಿ."

ತಮಾಷೆಗೆ ಕೇಳಿದ್ದಲ್ಲ. ಟೀ ತರಿಸಿದರು. ಅರ್ಜಿ ಬೆಂಗಳೂರಿಗೆ ಹೋಗುತ್ತದಂತೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಮತ್ತೆ ಹಿಮ...

೨-೬-೨೦೦೭

ಅರ್ಜಿಗೆ ಉತ್ತರ ಇಲ್ಲ. ಆಮೇಲೆ ರೆಕಾರ್ಡ್ ಮಾಡಿದ ಹೊಸ ಬ್ಯಾಚನ್ನು ನಾನು ಕಂಪನಿಗೆ ಕಳಿಸಲಿಲ್ಲ. ಏಜೆಂಟ್ ಕೂಗಾಡಿ ಕೆಲಸ ಕಿತ್ತುಕೊಂಡ. ಆ ಬ್ಯಾಚಿನ ಒಬ್ಬೊಬ್ಬರನ್ನೇ ಕರೆದು ಅವರವರ ದನಿಯ ಸಿ.ಡಿ. ಅವರವರ ಕೈಗೆ ಕೊಟ್ಟೆ. ಓಬಕ್ಕನಿಗೆ ಕೊಡಲು ಏನೂ ಇಲ್ಲ.

೧೦-೬-೨೦೦೭

ಓಬಕ್ಕನ ಮನೆಗೆ ಹೋಗಿದ್ದೆ. ಇಳಿಬಿಸಿಲು. ಹೊರಸಿನ ಮೇಲೆ ಕೂತಿದ್ದಳು. "ನಿನ್ನ ದನಿ ಸಿಗಲಿಲ್ಲಕ್ಕ" ಎಂದೆ. ದೂರದಲ್ಲಿ ಪರಮೇಶ್ ಕುರಿಗಳ ಹಿಂದೆ ಓಡುತ್ತಿದ್ದ.

ಓಬಕ್ಕ ಲಕ್ವ ಹೊಡೆಯದ ಕೈಯನ್ನು ನನ್ನ ಕೊರಳ ಮೇಲೆ ಇಟ್ಟಳು. ಕುರಿಗಳತ್ತ ಗಲ್ಲ ಎತ್ತಿದಳು. ನೀನು ಕರೆ, ಅಂತ.

ನಾಚಿಕೆ. ಆದರೂ ಕರೆದೆ. ಅವಳು ಹಾಗಲ್ಲ ಎಂದು ತಲೆಯಾಡಿಸಿ, ಕೈಯನ್ನು ಕೊರಳಿಂದ ನನ್ನ ಎದೆಗೆ ಇಳಿಸಿ ಒತ್ತಿದಳು. ಇಲ್ಲಿಂದ, ಅಂತ. ಮತ್ತೆ ಕರೆದೆ. ಉದ್ದಕ್ಕೆ. ಆ ದನಿ ನನ್ನದೋ ಅವಳದೋ ತಿಳಿಯಲಿಲ್ಲ.

ಧೂಳಿನಲ್ಲಿ ಒಂದು ಕುರಿ ತಲೆ ಎತ್ತಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಹಿಂಡು ನಮ್ಮತ್ತ ತಿರುಗಿತು.