ತಟ್ಟೆಯ ಅಂಚಿನ ಹೆಸರು

12 ನವೆಂಬರ್ 2024, ಮಂಗಳವಾರ

ಯಲ್ಲೇಶ್ ಕಳಿಸಿದ ಫೋಟೊವನ್ನು ಇವತ್ತು ದೊಡ್ಡದು ಮಾಡಿ ನೋಡಬಾರದಿತ್ತು.

ನನ್ನ ಜಿಮ್ಮಿಗೆ ಬರುವವರಲ್ಲಿ ಅವನಷ್ಟು ಸೋಮಾರಿ ಇನ್ನೊಬ್ಬನಿಲ್ಲ. ಶುಗರ್ ಬೇರೆ ಶುರುವಾಗಿದೆ. "ಅಣ್ಣಾ, ನಿಮ್ ಮಾತಾದ್ರೂ ಕೇಳ್ತಾರ, ಕೈ ಬಿಡಬ್ಯಾಡ್ರಿ" ಎಂದು ಅವನ ಹೆಂಡತಿ ದೇವಿಕಾ ಅತ್ತಿದ್ದಳು. ಅದಕ್ಕೇ ನಾನು ತಿನ್ನುವುದನ್ನೇ ಅವನಿಗೂ ಬರೆದುಕೊಟ್ಟು, ದಿನಾ ತಿಂಡಿಯ ಫೋಟೊ ಕಳಿಸು ಎಂದಿದ್ದೆ. ಎರಡು ತಿಂಗಳು ತಪ್ಪದೆ ಬಂತು: ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆಕಾಳು. ತೂಕ ಮಾತ್ರ ಏರುತ್ತಲೇ ಹೋಯಿತು.

ಇವತ್ತು ತಟ್ಟೆಯ ಅಂಚಿನಲ್ಲಿ ಕೊರೆಸಿದ ಹೆಸರು ಕಂಡಿತು. ವಿರುಪಮ್ಮ. ನನ್ನ ಅವ್ವ.

ಯಲ್ಲೇಶ್ ಕೆಲಸ ಮಾಡುವ ಯಶವಂತನಗರದ ಗಣಿಗೆ ಹೋಗುವ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತದೆ. ನಾನು ಬೆಳಿಗ್ಗೆ ಜಿಮ್ಮಿನಲ್ಲಿರುವಾಗ ಈ ಪುಣ್ಯಾತ್ಮ ನಮ್ಮ ಅಡುಗೆಮನೆಯಲ್ಲಿ ಕೂತು, ನನಗೆಂದು ಎತ್ತಿಟ್ಟ ತಟ್ಟೆಯ ಫೋಟೊ ತೆಗೆದು, ಅವ್ವ ಮಾಡಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಹೊಡೆದು ಬಸ್ಸು ಹತ್ತುತ್ತಿದ್ದನಂತೆ. ನಾನು ದಿನಾ ಶಹಬ್ಬಾಸ್ ಎಂದು ಕಳಿಸಿದ್ದು ನನ್ನದೇ ತಟ್ಟೆಗೆ!

"ಅವಂಗ ಶುಗರ್ ಐತಿ ಅಂತ ಗೊತ್ತಿದ್ದೂ ಹಾಕಿದ್ಯಾ?" ಎಂದು ಅವ್ವನ ಮೇಲೆ ಕೂಗಾಡಿದೆ.

"ತಪ್ಪಾತಪ್ಪಾ. ನೀನು ಎಲ್ಲಾ ತೂಕ ಮಾಡಿ ತಿಂತಿ. ಇನ್ನೊಂಚೂರು ಹಾಕವ್ವ ಅಂತ ಕೇಳೋನು ಅವನೊಬ್ನ ಇದ್ದ."

ಅವನ ಜೀವದ ಜೊತೆ ಆಟ ಆಡಿದ್ದಾಳೆ. ನಾಳೆ ದೇವಿಕಾಳಿಗೆ ಯಾವ ಮುಖ ತೋರಿಸಲಿ?

ಈಗ ನನ್ನ ಮೊಟ್ಟೆ ತಕ್ಕಡಿಯ ಮೇಲಿದೆ. ಊಟ ಆಯಿತಾ ಎಂದು ಕೇಳದೆಯೇ ಅವ್ವ ಮಲಗಿಬಿಟ್ಟಳು. ಸಿಟ್ಟಿಗೆ ಎಂದುಕೊಂಡೆ. ಆದರೆ ನಿನ್ನೆಯೂ ಕೇಳಿರಲಿಲ್ಲ. ಕೊನೆಯ ಸಲ ಕೇಳಿದ್ದು ಯಾವತ್ತು ಎಂದು ನೆನಪೇ ಆಗುತ್ತಿಲ್ಲ.